ಸಾಗರಕ್ಕೆ ಹೋದ ಶ್ರೀಗಂಧದ ಸೋಪು

ತಂಗಿಯ ಸೀಮಂತದ ದಿನ. ಬೆಳಗ್ಗೆ ಆರೂವರೆ ಇರಬೇಕು. ಸಾಗರದ ಅಮ್ಮನ ಮನೆಯಲ್ಲಿ, ನಡುಮನೆಯ ನೆಲದ ಮೇಲೆ ಕೂತು ನಾನೊಂದು ರಟ್ಟಿನ ಡಬ್ಬ ಬಿಚ್ಚಿದೆ. ಹೊರಗೆ ಶ್ರಾವಣದ ಮಳೆ, ಹಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಡಬ್ಬದಲ್ಲಿ 40 ಪುಟ್ಟ ಸೋಪುಗಳು. ಬಂದ ಹೆಂಗಸರಿಗೆ ಅರಿಸಿನ ಕುಂಕುಮ, ರವಿಕೆ ಕಣದ ಜೊತೆ ಕೊಡೋಣ ಅಂತ ನಾನೇ ದಾವಣಗೆರೆಯಿಂದ ಹೊತ್ತು ತಂದಿದ್ದು. ಕೈಯಾರೆ ಮಾಡಿದ ಶ್ರೀಗಂಧದ ಸೋಪು, ಮೇಲೆ ಒಣಗಿಸಿದ ಗುಲಾಬಿ ಎಸಳು, ಬಟರ್ ಪೇಪರ್, ಸೆಣಬಿನ ದಾರದ ಗಂಟು.

ಮೊದಲ ಸೋಪು ಕೈಗೆ ಅಂಟಿಕೊಂಡಿತು. ಎರಡನೆಯದರ ಕಾಗದ ಒದ್ದೆಯಾಗಿ ಸೋಪಿನ ಮೈಗೇ ಮೆತ್ತಿಕೊಂಡಿತ್ತು. ಬಿಡಿಸಿ ನೋಡಿದರೆ ಮೈತುಂಬ ಸಣ್ಣ ಸಣ್ಣ ನೀರಿನ ಹನಿ. ಒರೆಸಿದೆ. ಎರಡು ನಿಮಿಷಕ್ಕೆ ಮತ್ತೆ ಬಂತು. ಫೋಟೋದಲ್ಲಿ ಅಷ್ಟು ಕೆಂಪಗಿದ್ದ ಗುಲಾಬಿ ಎಸಳು ಕಂದು ಬಣ್ಣಕ್ಕೆ ತಿರುಗಿ ಥೇಟ್ ಜಿರಲೆ ರೆಕ್ಕೆಯ ಹಾಗೆ ಕಾಣುತ್ತಿತ್ತು.

ಅಜ್ಜಿ ಹೂ ಕಟ್ಟುತ್ತಾ ಕೂತಿದ್ದವಳು ಕತ್ತು ಚಾಚಿ ನೋಡಿದಳು. "ಏನೇ ಅದು, ಬೆವರ್ತಾ ಇದೆಯಲ್ಲ? ಸೋಪಿಗೆ ಜ್ವರ ಬಂದಿದೆಯಾ?"

ಡಬ್ಬವನ್ನು ಮೊದಲೇ ಬಿಚ್ಚಿ ನೋಡಬಾರದಿತ್ತಾ ಅಂತ ನೀವು ಕೇಳಬಹುದು. ಬಿಚ್ಚಿದ್ದೆ. ಅಂದರೆ ಮೇಲಿನ ಮುಚ್ಚಳ ಮಾತ್ರ. ಅಲ್ಲೊಂದು ಪುಟ್ಟ ಕಾರ್ಡಿತ್ತು, ಅದರಲ್ಲಿ ನನ್ನ ಹೆಸರು ಕೈಬರಹದಲ್ಲಿತ್ತು, ಪಕ್ಕದಲ್ಲೊಂದು ಚಾಕಲೇಟ್ ಇತ್ತು. ಅಷ್ಟಕ್ಕೇ ಕರಗಿಹೋಗಿ ಫೋಟೋ ತೆಗೆದು ಸ್ಟೇಟಸ್‌ಗೆ ಹಾಕಿ, ಚಾಕಲೇಟ್ ತಿಂದು, ಡಬ್ಬ ಮುಚ್ಚಿ ಬ್ಯಾಗಿಗಿಟ್ಟಿದ್ದೆ. ಸೋಪು ನೋಡಿರಲಿಲ್ಲ.

ಮಾರಿದ ಹುಡುಗಿ ನನಗೆ ಸಿಕ್ಕಿದ್ದು ಇನ್‌ಸ್ಟಾಗ್ರಾಂನಲ್ಲಿ. ರೀಲ್‌ನಲ್ಲಿ ಕೈ ಮಾತ್ರ ಕಾಣುತ್ತಿತ್ತು. ಬಳೆ ತೊಟ್ಟ ಕೈ ಒಂದು ಅಚ್ಚಿನಿಂದ ಸೋಪನ್ನು ಮೆಲ್ಲಗೆ ಹೊರಗೆ ತೆಗೆಯುತ್ತಿತ್ತು, ಹಿಂದೆ ಕೊಳಲಿನ ನಾದ. ಕೆಳಗೆ "ಬೆಲೆಗೆ ಡಿಎಂ ಮಾಡಿ". ಈ ಬೆಲೆ ಮುಚ್ಚಿಡೋ ಪದ್ಧತಿ ಯಾರು ಶುರು ಮಾಡಿದರೋ, ನನಗಂತೂ ತಲೆ ಕೆಡುತ್ತೆ. ಸಂತೆಯಲ್ಲಿ ಬದನೆಕಾಯಿ ಮಾರೋನು ಬೆಲೆಯನ್ನು ಊರಿಗೆಲ್ಲ ಕೇಳೋ ಹಾಗೆ ಕೂಗುತ್ತಾನೆ. ಇಲ್ಲಿ ಕಿವಿಯಲ್ಲಿ ಹೇಳಬೇಕು.

ಡಿಎಂ ಮಾಡಿದ ಅರ್ಧ ನಿಮಿಷಕ್ಕೆ ಉತ್ತರ ಬಂತು. "ಅಕ್ಕಾ, 50 ಗ್ರಾಂದು 65 ರೂಪಾಯಿ ಅಕ್ಕಾ. ಶುದ್ಧ ಶ್ರೀಗಂಧದ ಎಣ್ಣೆ, ಕೋಲ್ಡ್ ಪ್ರೋಸೆಸ್. ನಿಮಗೋಸ್ಕರ ಫ್ರೆಶ್ ಆಗಿ ಮಾಡಿ ಕಳಿಸ್ತೀನಿ ಅಕ್ಕಾ." ಒಂದು ಸಾಲಿಗೆ ಒಂದು ಅಕ್ಕಾ. ಸ್ವಲ್ಪ ಕಡಿಮೆ ಮಾಡ್ತೀರಾ ಅಂತ ಟೈಪ್ ಮಾಡಿದವಳು, ಅವಳ ಪುಟದ ಮೇಲೆ "ಇದು ಕೈಕೆಲಸ, ದಯವಿಟ್ಟು ಚೌಕಾಸಿ ಬೇಡ" ಅಂತ ಇದ್ದದ್ದು ನೋಡಿ ನಾಚಿಕೆಯಾಗಿ ಅಳಿಸಿದೆ. 40 ಸೋಪಿಗೆ 2,600, ಕೊರಿಯರ್ 220. ಒಟ್ಟು 2,820 ರೂಪಾಯಿ ಕಳಿಸಿದೆ. ಅದು ಸೋಮವಾರ. ಶುಕ್ರವಾರ ಪಾರ್ಸೆಲ್ ಹೊರಟಿತು.

ಈ ಸೋಮವಾರ, ಶುಕ್ರವಾರದ ಲೆಕ್ಕ ಆಮೇಲೆ ನನಗೆ ಬಹಳ ಕಾಡಿತು.

ಕೋಲ್ಡ್ ಪ್ರೋಸೆಸ್ ಅಂದರೆ ಕೊಬ್ಬರಿ ಎಣ್ಣೆಯಂಥ ಎಣ್ಣೆಗೆ ಕಾಸ್ಟಿಕ್ ಸೋಡಾ ಕರಗಿಸಿದ ನೀರು ಸೇರಿಸಿ, ಕಲಕಿ, ಅಚ್ಚಿಗೆ ಹೊಯ್ದು ಮಾಡುವ ಸೋಪು. ಕತ್ತರಿಸಿದ ಮೇಲೆ ಅದನ್ನು ಗಾಳಿಯಾಡುವ ಕಡೆ 4ರಿಂದ 6 ವಾರ ಇಡಬೇಕು. ನೀರಿನಂಶ ಆರಬೇಕು, ಸೋಪು ಗಟ್ಟಿಯಾಗಬೇಕು. ಸೋಮವಾರ "ಫ್ರೆಶ್ ಆಗಿ" ಮಾಡಿ ಶುಕ್ರವಾರ ಕಳಿಸೋಕೆ ಆಗೋದು ಇನ್ನೊಂದು ಥರದ್ದು. ಅದರ ಬಿಲ್ಲೆ ಕಿಲೋ ಲೆಕ್ಕದಲ್ಲಿ ಸಿದ್ಧವಾಗಿಯೇ ಸಿಗುತ್ತೆ. ತುಂಡು ಮಾಡಿ, ಬಿಸಿನೀರಿನ ಪಾತ್ರೆಯ ಮೇಲಿಟ್ಟು ಕರಗಿಸಿ, ಬಣ್ಣ, ವಾಸನೆ ಹಾಕಿ ಅಚ್ಚಿಗೆ ಹೊಯ್ದರೆ ಆಯಿತು, ಒಂದೆರಡು ಗಂಟೆಯಲ್ಲಿ ಸೋಪು. ಅದರಲ್ಲಿ ತಪ್ಪೇನೂ ಇಲ್ಲ, ಮಕ್ಕಳೂ ಮಾಡಬಹುದು. ಆದರೆ ಅದರಲ್ಲಿ ಗ್ಲಿಸರಿನ್ ಜಾಸ್ತಿ ಇರುತ್ತೆ. ಗ್ಲಿಸರಿನ್ ಗಾಳಿಯ ತೇವ ಎಳೆದುಕೊಳ್ಳುತ್ತೆ. ಅದಕ್ಕೇ ಅಂಥ ಸೋಪನ್ನು ತೆಳು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಸುತ್ತಬೇಕು. ಬಟರ್ ಪೇಪರ್, ಸೆಣಬಿನ ದಾರ ಫೋಟೋಕ್ಕೆ ಚೆಂದ. ಮಲೆನಾಡಿನ ಶ್ರಾವಣಕ್ಕೆ ಅಲ್ಲ.

ಇದೆಲ್ಲ ನನಗೆ ಆ ಬೆಳಗ್ಗೆ ಗೊತ್ತಿರಲಿಲ್ಲ. ಅಜ್ಜಿಗೆ ಗೊತ್ತಿದ್ದದ್ದು ಬೇರೆ. ಅವಳು ಒಂದು ಸೋಪು ಎತ್ತಿ ಮೂಗಿನ ಹತ್ತಿರ ಹಿಡಿದಳು, ಕಣ್ಣು ಮುಚ್ಚಿದಳು, ಬುಟ್ಟಿಯಲ್ಲಿಟ್ಟಳು. "ಊದುಬತ್ತಿ" ಅಂದಳು.

ಸಾಗರದವರಿಗೆ ಗಂಧದ ವಾಸನೆಯ ವಿಷಯದಲ್ಲಿ ಮೋಸ ಮಾಡೋದು ಕಷ್ಟ. ಇದು ಗುಡಿಗಾರರ ಊರು. ತಲೆತಲಾಂತರದಿಂದ ಇಲ್ಲಿ, ಸೊರಬದಲ್ಲಿ ಗಂಧದ ಕೊರಡಿನಲ್ಲಿ ಗಣಪತಿ, ಆನೆ, ಪೆಟ್ಟಿಗೆ ಕೆತ್ತುವವರಿದ್ದಾರೆ. ನಮ್ಮ ದೇವರ ಮನೆಯ ಸಾಣೆಕಲ್ಲಿನ ಮೇಲೆ ಹೆಬ್ಬೆರಳು ಗಾತ್ರದ ಒಂದು ಗಂಧದ ತುಂಡಿದೆ. ಅಜ್ಜಿ ಅದನ್ನು ದಿನಾ ಎರಡು ಸುತ್ತು ತೇಯುತ್ತಾಳೆ, ಮೂರನೆಯದು ದುಂದು ಅವಳ ಪ್ರಕಾರ. ನಿಜವಾದ ಗಂಧದೆಣ್ಣೆ ಕಿಲೋಗೆ ಲಕ್ಷ ರೂಪಾಯಿ ದಾಟುತ್ತೆ. 65 ರೂಪಾಯಿಯ ಸೋಪಿನಲ್ಲಿ "ಶುದ್ಧ ಶ್ರೀಗಂಧ" ಎಷ್ಟು ತೊಟ್ಟು ಇರೋಕೆ ಸಾಧ್ಯ? ನಾಲ್ಕನೇ ಕ್ಲಾಸಿನ ಗಣಿತ. ನಾನು ಎಂಕಾಂ.

ಅಷ್ಟರಲ್ಲಿ ದೊಡ್ಡಪ್ಪನ ಮಗ, ನಮ್ಮಣ್ಣ, ಬಾಳೆ ಎಲೆ ತಂದ. ಅವನದು ಮೆಡಿಕಲ್ ಶಾಪ್. ಅವನಿಗೆ ಏನು ಕೊಟ್ಟರೂ ಮೊದಲು ಹಿಂದೆ ತಿರುಗಿಸಿ ನೋಡುವ ಚಾಳಿ, ಹಪ್ಪಳದ ಪ್ಯಾಕೆಟ್ಟನ್ನೂ ಬಿಡಲ್ಲ. ಸೋಪು ತಿರುಗಿಸಿದ. "ಬ್ಯಾಚ್ ನಂಬರ್ ಎಲ್ಲಿ? ತಯಾರಿಸಿದ ದಿನ? ಎಲ್ಲಿವರೆಗೆ ಬಳಸಬಹುದು? ಮಾಡಿದವರ ವಿಳಾಸ, ಲೈಸೆನ್ಸ್ ನಂಬರ್ ಏನೂ ಇಲ್ವಲ್ಲೇ." ಔಷಧ ಮತ್ತು ಸೌಂದರ್ಯವರ್ಧಕಗಳ ಕಾಯಿದೆ 1940ರದ್ದು, ಅದರ ಕೆಳಗೆ ಸೌಂದರ್ಯವರ್ಧಕಗಳಿಗೇ ಅಂತ 2020ರಲ್ಲಿ ಬೇರೆ ನಿಯಮ ಬಂದಿದೆ, ಮೈಗೆ ಹಚ್ಚೋ ಸೋಪೂ ಅದರಲ್ಲೇ ಬರುತ್ತೆ, ಮನೆಯಲ್ಲಿ ಮಾಡಿ ಮಾರಿದರೂ ಲೈಸೆನ್ಸ್ ಬೇಕು ಅಂತ ನಿಂತಲ್ಲೇ ಪಾಠ ಮಾಡಿದ. ಸೋಪಿನ ಮೇಲಿದ್ದದ್ದು ಒಂದೇ ಚೀಟಿ. ಅದರಲ್ಲಿ "ಪ್ರೀತಿಯಿಂದ ಮಾಡಿದ್ದು" ಅಂತ ಬರೆದಿತ್ತು. "ಪ್ರೀತಿ ಎಷ್ಟು ಗ್ರಾಂ ಅಂತ ಹಾಕಿದ್ದಾರಾ ನೋಡು" ಅಂದ ಅಣ್ಣ.

ಗ್ರಾಂ ಅಂದಾಗ ತಲೆಗೆ ಹೊಳೆಯಿತು. ತಂಗಿ ಕೇಕ್ ಮಾಡೋಕೆ ಅಂತ ತಂದಿದ್ದ ತಕ್ಕಡಿ ಅಡುಗೆಮನೆಯಲ್ಲಿತ್ತು. ಒಂದು ಇಟ್ಟೆ: 38. ಇನ್ನೊಂದು: 41. ಮೂರನೆಯದು: 38. ಹೇಳಿದ್ದು 50. ಹೊಟ್ಟೆ ಉರಿಯಿತು. ಪಕ್ಕದಲ್ಲಿ ಪಾಯಸಕ್ಕೆ ನೀರು ಕುದಿಯುತ್ತಿತ್ತು. ಒಂದು ಸ್ಟೀಲ್ ಬಟ್ಟಲಿಗೆ ಸೋಪಿನ ಚೂರು ಹಾಕಿ ಆ ಪಾತ್ರೆಯ ಮೇಲಿಟ್ಟೆ. ಐದು ನಿಮಿಷ ಆಗುವಷ್ಟರಲ್ಲಿ ಅದು ಸಕ್ಕರೆ ಪಾಕದ ಹಾಗೆ ಕರಗಿ ತಿಳಿಯಾಯಿತು. ಬಟ್ಟಲು ಓರೆ ಮಾಡಿದರೆ ಹರಿಯುತ್ತಿತ್ತು. ಎಣ್ಣೆ ಮತ್ತು ಸೋಡಾದಿಂದ ಮಾಡಿದ ಸೋಪು ಹೀಗೆ ಕರಗಲ್ಲ. ಅಮ್ಮ ಬಂದು ನೋಡಿ, ಪಾಯಸದ ಮೇಲೆ ಸೋಪಾ ಅಂತ ಕೂಗಿದ್ದು ಪಕ್ಕದ ಮನೆಗೂ ಕೇಳಿಸಿರಬೇಕು.

ಸೋಪು ಕೊಡಲಿಲ್ಲ. ಅಮ್ಮ ಹಿತ್ತಲ ಕೋಣೆಯಲ್ಲಿದ್ದ ತೆಂಗಿನಕಾಯಿ ತೆಗೆಸಿದಳು. ಕಣ, ಕಾಯಿ, ಎರಡು ಬಾಳೆಹಣ್ಣು. ಯಾರೂ ಏನೂ ಕೇಳಲಿಲ್ಲ. ತಂಗಿ ಹಸಿರು ಬಳೆ ತೊಟ್ಟು ಚೆಂದ ಕಂಡಳು.

ಆ ರಾತ್ರಿ ನಾನು ದೂರು ಬರೆಯೋಕೆ ಕೂತೆ. ಬೆವರಿದ ಸೋಪು, ತಕ್ಕಡಿಯ ಅಂಕಿ, ಕರಗಿದ ಬಟ್ಟಲು, ಎಲ್ಲದರ ಫೋಟೋ ಕಳಿಸಿದೆ. ಮೊದಲು ಅರ್ಧ ನಿಮಿಷಕ್ಕೆ ಬರುತ್ತಿದ್ದ ಉತ್ತರ ಮಾರನೇ ದಿನ ಸಂಜೆ ಬಂತು. "ಅಕ್ಕಾ, ಪಾರ್ಸೆಲ್ ಓಪನಿಂಗ್ ವಿಡಿಯೋ ಇದೆಯಾ? ಎಲ್ಲೂ ಕಟ್ ಮಾಡದೆ ತೆಗೆದಿರಬೇಕು." ಅರಿಸಿನದ ಕೈಯಲ್ಲಿ ಡಬ್ಬ ಬಿಚ್ಚಿದವಳು ವಿಡಿಯೋ ಎಲ್ಲಿ ತೆಗೆಯಲಿ? ಇಲ್ಲ ಅಂದೆ. ಆಗ ಒಂದು ವಾಯ್ಸ್ ಮೆಸೇಜ್. ಹಿಂದೆ ಮಗು ಅಳುತ್ತಿತ್ತು. "ನಮ್ ಕಡೆಯಿಂದ ಹೊರಡುವಾಗ ಚೆನ್ನಾಗೇ ಇತ್ತು ಅಕ್ಕಾ. ನಿಮ್ಮೂರ ಮಳೆಗೆ ಹಾಗಾಗಿದೆ. ನಂದು ಚಿಕ್ಕ ಮಗು ಅಕ್ಕಾ, ಒಬ್ಬಳೇ ಎಲ್ಲ ಮಾಡ್ತೀನಿ. ಮುಂದಿನ ಆರ್ಡರ್‌ಗೆ 10 ಪರ್ಸೆಂಟ್ ಕಡಿಮೆ ಮಾಡ್ತೀನಿ." ತೂಕದ ಬಗ್ಗೆ ಒಂದು ಮಾತಿಲ್ಲ. ಗಂಧದ ಬಗ್ಗೆ ಇಲ್ಲ.

ಗ್ರಾಹಕರ ಸಹಾಯವಾಣಿ 1915ಕ್ಕೆ ಫೋನ್ ಮಾಡು ಅಂದ ಅಣ್ಣ. ನಂಬರ್ ಒತ್ತಿದೆ ಕೂಡ. ರಿಂಗ್ ಆಗೋ ಮುಂಚೆ ಕಟ್ ಮಾಡಿದೆ. ದೊಡ್ಡ ಕಂಪನಿಯವರಾಗಿದ್ದರೆ ನಾನು ಬಿಡುತ್ತಿರಲಿಲ್ಲ, ಒಂದು ಮಿಕ್ಸಿ ಜಾರಿಗಾಗಿ ಮೂರು ತಿಂಗಳು ಗುದ್ದಾಡಿ ಗೆದ್ದವಳು ನಾನು. ಇಲ್ಲಿ ಆ "ಅಕ್ಕಾ" ಅಡ್ಡ ಬಂತು. ತಂಗಿ ಅಂತ ಒಪ್ಪಿಕೊಂಡ ಮೇಲೆ ರಸೀದಿ ಕೇಳೋದು ಹೇಗೆ? ಮಗುವಿನ ಅಳು ಕೇಳಿದ ಮೇಲೆ 12 ಗ್ರಾಂ ಕಡಿಮೆ ಇದೆ ಅನ್ನೋದು ಹೇಗೆ? ಆದರೆ ಅವಳು ನನ್ನಿಂದ ದುಡ್ಡು ತಗೊಂಡದ್ದು ಅಂಗಡಿಯವಳಾಗಿ. ದುಡ್ಡು ಕೊಡೋವರೆಗೆ ಅಂಗಡಿ, ಕೊಟ್ಟ ಮೇಲೆ ಸಂಬಂಧ.

ಇದು ನನಗೆ ಮೊದಲನೇ ಸಲ ಅಲ್ಲ ಅನ್ನೋದೇ ಮರ್ಯಾದೆಗೇಡು. ಹೋದ ವರ್ಷ "ಕೈಯಲ್ಲೇ ಮಾಡಿದ" ಜರ್ಮನ್ ಸಿಲ್ವರ್ ಜುಮ್ಕಿ 450 ಕೊಟ್ಟು ತರಿಸಿದ್ದೆ. ಎರಡು ದಿನಕ್ಕೆ ಕಿವಿ ತುರಿಕೆ. ಆ ಲೋಹದಲ್ಲಿ ಬೆಳ್ಳಿ ಒಂಚೂರೂ ಇರಲ್ಲ, ತಾಮ್ರ, ಸತು, ನಿಕ್ಕೆಲ್. ನಿಕ್ಕೆಲ್ ಕೆಲವರ ಚರ್ಮಕ್ಕೆ ಆಗಲ್ಲ. ಆಮೇಲೆ ಬೆಂಗಳೂರಿನ ಮಾಮೂಲ್‌ಪೇಟೆಗೆ ಹೋದಾಗ ಅದೇ ಜುಮ್ಕಿ, ಅದೇ ನವಿಲು, ಡಜನ್ ಲೆಕ್ಕದಲ್ಲಿ ರಟ್ಟಿಗೆ ಚುಚ್ಚಿಕೊಂಡು ನೇತಾಡುತ್ತಿದ್ದವು. ಕಾಡಿಗೆಯದು ಇನ್ನೊಂದು ಕಥೆ. "ಅಜ್ಜಿ ಕಾಲದ ಕಾಡಿಗೆ" ಅಂತ 180 ರೂಪಾಯಿಯ ಡಬ್ಬಿ ತಂದು ನಿಜವಾದ ಅಜ್ಜಿಗೇ ತೋರಿಸಿದೆ. ಅವಳು ಹೆಬ್ಬೆರಳು, ತೋರುಬೆರಳ ಮಧ್ಯೆ ತಿಕ್ಕಿ ನೋಡಿ, "ಮರಳು ಸಿಗ್ತಾ ಇದೆ, ಕಣ್ಣಿಗೆ ಹಾಕಬೇಡ" ಅಂದಳು. ಅವಳ ಕಾಲದಲ್ಲಿ ಬಿಳಿ ಬಟ್ಟೆಯನ್ನು ಹೊನಗೊನ್ನೆ ಸೊಪ್ಪಿನ ರಸದಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಬತ್ತಿ ಹೊಸೆದು, ಹರಳೆಣ್ಣೆ ದೀಪ ಹಚ್ಚಿ, ಮೇಲೆ ಹಿತ್ತಾಳೆ ತಟ್ಟೆ ಕವುಚಿಡುತ್ತಿದ್ದರಂತೆ. ರಾತ್ರಿಯೆಲ್ಲ ಉರಿದರೆ ಬೆರಳ ತುದಿಯಷ್ಟು ಮಸಿ. ಅದನ್ನು ಮಾರೋ ಯೋಚನೆ ಯಾರಿಗೂ ಬರುತ್ತಿರಲಿಲ್ಲ, ಮನೆಗೇ ಸಾಲುತ್ತಿರಲಿಲ್ಲ. (ಮಗುವಿನ ಕಣ್ಣಿಗೆ ಇದನ್ನೂ ಹಚ್ಚಬೇಡಿ ಅಂತ ಮಕ್ಕಳ ಡಾಕ್ಟರು ಈಗ ಹೇಳುತ್ತಾರೆ. ಅಜ್ಜಿ ಒಪ್ಪಲ್ಲ. ಆ ಜಗಳ ಹೆರಿಗೆಯಾದ ಮೇಲೆ ಇದ್ದೇ ಇದೆ.)

ಎಲ್ಲರೂ ಹೀಗೇ ಅಂದರೆ ಸುಳ್ಳಾಗುತ್ತೆ. ಎರಡು ವರ್ಷದ ಹಿಂದೆ, ಮಳೆಗಾಲದಲ್ಲೇ, ಮಣ್ಣಿನ ಓಲೆ ಮಾಡುವ ಒಬ್ಬರಿಗೆ ಮೆಸೇಜ್ ಮಾಡಿದ್ದೆ. ಅವರು ಅಕ್ಕಾ ಅನ್ನಲಿಲ್ಲ. "ಮೇಡಂ, ಈಗ ಮಳೆ. ಮಣ್ಣು ಪೂರ್ತಿ ಆರದೆ ಗೂಡಿಗಿಟ್ಟರೆ ಒಡೆಯುತ್ತೆ. ಮೂರು ವಾರ ಆಗುತ್ತೆ. ಕಾಯೋದಾದ್ರೆ ಹೇಳಿ." ಅಷ್ಟೇ. ಹೂವಿನ ಇಮೋಜಿ ಕೂಡ ಇಲ್ಲ. ನನಗೆ ಸಿಟ್ಟು ಬಂತು, ಎಷ್ಟು ಒರಟು ಅನ್ನಿಸಿತು. ನಾಲ್ಕೇ ದಿನದಲ್ಲಿ ಕಳಿಸ್ತೀನಿ ಅಕ್ಕಾ ಅಂದವಳ ಹತ್ತಿರ ತರಿಸಿಕೊಂಡೆ. ಅವಳದ್ದು ಸುಟ್ಟ ಮಣ್ಣೇ ಅಲ್ಲ. ಮದುವೆ ಮನೆಯಿಂದ ಛತ್ರಿಯಿಲ್ಲದೆ ಬಸ್‌ಸ್ಟ್ಯಾಂಡಿಗೆ ಬರುವಷ್ಟರಲ್ಲಿ ಓಲೆಯ ತುದಿ ಕೆಸರಾಗಿ ನನ್ನ ಬಿಳಿ ರವಿಕೆಯ ಹೆಗಲ ಮೇಲೆ ಇಳಿಯಿತು. ಆ ಕಲೆ ಇವತ್ತಿಗೂ ಹೋಗಿಲ್ಲ. ಮಳೆ, ಬಿಸಿಲು ನೋಡಿ ಮಾತಾಡಿದವರನ್ನು ಬಿಟ್ಟು ನಯವಾಗಿ ಮಾತಾಡಿದವರ ಹಿಂದೆ ಹೋದದ್ದು ನಾನೇ ಅಲ್ವಾ.

40 ಸೋಪುಗಳನ್ನು ಅಮ್ಮ ಬಿಸಾಡಲಿಲ್ಲ. ಅವಳು ಏನನ್ನೂ ಬಿಸಾಡಲ್ಲ. ಕೆಲವನ್ನು ಕೊಟ್ಟಿಗೆಯ ಹತ್ತಿರ ಕೈ ತೊಳೆಯೋಕೆ ಇಟ್ಟಳು. ಮಳೆಗೆ ಉಬ್ಬಿ ಬಿಗಿದುಕೊಂಡಿದ್ದ ಹಿತ್ತಲ ಬಾಗಿಲ ಅಂಚಿಗೆ ಅಜ್ಜಿ ಒಂದನ್ನು ತಿಕ್ಕಿ ನೋಡಿದಳಂತೆ. ಬಾಗಿಲು ಜಾರಲಿಲ್ಲ, ಇನ್ನಷ್ಟು ಅಂಟಿಕೊಂಡಿತು. ಹೋದ ವಾರ ಅಮ್ಮ ಫೋನಿನಲ್ಲಿ, "ಇನ್ನೂ 17 ಇವೆ. ದೀಪಾವಳಿಗೆ ಬಂದಾಗ ತಗೊಂಡು ಹೋಗು ಮಾರಾಯ್ತಿ" ಅಂದಳು.

ಅದೇ ದಿನ ರಾತ್ರಿ ಒಂದು ಮೆಸೇಜ್ ಬಂತು. "ಅಕ್ಕಾ, ದೀಪಾವಳಿಗೆ ಅಭ್ಯಂಜನದ ಸ್ಪೆಷಲ್ ಸೋಪು ಬಂದಿದೆ. ನಿಮಗೆ 10 ಪರ್ಸೆಂಟ್ ಕಡಿಮೆ, ನೆನಪಿದೆಯಾ?" ಕೆಳಗೆ ಅದೇ ಬಳೆ ತೊಟ್ಟ ಕೈ, ಅದೇ ಕೊಳಲು.

"ತೂಕ ಎಷ್ಟು ತಂಗಿ?" ಅಂತ ಕೇಳಿದೆ.

ನೋಡಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.