ವಾರ್ಡಿನಲ್ಲಿ ಬರೆದ ಲೆಕ್ಕ

2022ರ ಜನವರಿ 15, ಶನಿವಾರ. ರೊಬಸ್ಟಾ ಕಾಫಿಯ ಕುಯ್ಲು ಆಗಷ್ಟೇ ಶುರುವಾಗಿತ್ತು. ವಾರಾಂತ್ಯದ ಕರ್ಫ್ಯೂ ಬೇರೆ. ಬೆಳಗಿನ ಜಾವ ಅಪ್ಪನ ಉಬ್ಬಸ ಜೋರಾಯಿತು. ಕೊರೊನಾದ ಎರಡನೇ ಅಲೆಯಲ್ಲಿ ಕೊಂಡು ಮರೆತಿದ್ದ, ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಹುಡುಕಿ ಅವರ ಬೆರಳಿಗೆ ಸಿಕ್ಕಿಸಿದರೆ 90. ಯಂತ್ರವೇ ಕೆಟ್ಟಿರಬೇಕೆಂದು ನನ್ನ ಬೆರಳಿಗೂ ಹಾಕಿಕೊಂಡೆ. 98.

ಸಕಲೇಶಪುರದವರಿಗೆ ಕಾಯಿಲೆ ಬಂದಾಗಲೆಲ್ಲ ಇದೇ ಚರ್ಚೆ: ಘಟ್ಟ ಇಳಿದು ಮಂಗಳೂರಿಗೋ, ಸುಮಾರು 40 ಕಿಲೋಮೀಟರ್ ದೂರದ ಹಾಸನಕ್ಕೋ? ಶಿರಾಡಿಯ ತಿರುವುಗಳನ್ನು ನೆನೆದು ಜೀಪನ್ನು ಹಾಸನದ ಕಡೆಗೆ ತಿರುಗಿಸಿದೆ. ಬಾಳ್ಳುಪೇಟೆಯಲ್ಲಿ ತಡೆದ ಪೊಲೀಸರು ಹಿಂದಿನ ಸೀಟನ್ನು ನೋಡಿ ಸುಮ್ಮನೆ ಕೈಬೀಸಿದರು.

ದಾರಿಯುದ್ದಕ್ಕೂ ನನಗೆ ಹಾಸಿಗೆಯದೇ ಚಿಂತೆ. ಹಿಂದಿನ ಮೇ ತಿಂಗಳಲ್ಲಿ ಚಾಮರಾಜನಗರದಲ್ಲಿ ಆಮ್ಲಜನಕವಿಲ್ಲದೆ ರೋಗಿಗಳು ಸತ್ತ ಸುದ್ದಿ ಯಾರಿಗೆ ಮರೆತೀತು? ಯಾರಿಂದ ಶಿಫಾರಸು ಮಾಡಿಸಬಹುದೆಂದು ಮನಸ್ಸಿನಲ್ಲೇ ಹೆಸರುಗಳನ್ನು ಜೋಡಿಸಿಕೊಂಡಿದ್ದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಯಾವ ಹೆಸರೂ ಬೇಕಾಗಲಿಲ್ಲ. ವಾರ್ಡಿನಲ್ಲಿ ಸಾಲುಸಾಲು ಹಾಸಿಗೆ ಖಾಲಿಯಿದ್ದವು. ತಲೆದೆಸೆಯ ಗೋಡೆಗೆ ಆಮ್ಲಜನಕದ ಹೊಚ್ಚ ಹೊಸ ಕೊಳವೆಗಳು. ಆದರೂ ಎರಡು ತಾಸು ಹೊರಗೆ ಕಾದೆವು. ಸಿಸ್ಟರ್‌ಗಳಿಗೇ ಪಾಸಿಟಿವ್ ಬಂದು, ಏಳು ದಿನ ಮನೆಯಿಂದಾಚೆ ಬರುವಂತಿರಲಿಲ್ಲ. ಎರಡು ವಾರ್ಡಿಗೆ ಉಳಿದಿದ್ದವರು ಒಬ್ಬರು. ಓಮಿಕ್ರಾನ್ ಸೌಮ್ಯವೆಂದು ಎಲ್ಲರೂ ಹೇಳುತ್ತಿದ್ದರು, ಸುಳ್ಳೇನಲ್ಲ. ಸೌಮ್ಯವಾದ ಜ್ವರವೂ ಸಿಸ್ಟರನ್ನು ಒಂದು ವಾರ ಮನೆಯಲ್ಲಿ ಕೂರಿಸುತ್ತದೆಂಬುದು ಮಾತ್ರ ನನಗೆ ಹೊಳೆದಿರಲಿಲ್ಲ. ದಿನವೂ ಪತ್ರಿಕೆಯಲ್ಲಿ ನಾನು ಓದುತ್ತಿದ್ದುದು ಖಾಲಿ ಹಾಸಿಗೆಗಳ ಲೆಕ್ಕವನ್ನು.

ಅಪ್ಪನಿಗೂ ಪಾಸಿಟಿವ್. ಮೂಗಿಗೆ ನಳಿಕೆ ಹಾಕಿ ಮುಗಿಸಿದ ಸಿಸ್ಟರ್, ನನ್ನನ್ನು ಹೊರಗೆ ಕಳುಹಿಸಬೇಕಾಗಿದ್ದವರು, ಒಂದು ಕ್ಷಣ ನೋಡಿ, "ಬರೆಯಲು ಬರುತ್ತದಲ್ಲವೇ?" ಎಂದರು. ನನ್ನ ಮಾಸ್ಕನ್ನು ತಾವೇ ಬಿಗಿಮಾಡಿ, ಒಂದು ಹಾಳೆ, ಪೆನ್ನು ಕೊಟ್ಟರು. ನಾಲ್ಕು ಹಾಸಿಗೆ, ಗಂಟೆಗೊಮ್ಮೆ ಆಮ್ಲಜನಕದ ಅಂಕಿ, 92ಕ್ಕಿಂತ ಇಳಿದರೆ ಪಕ್ಕದ ವಾರ್ಡಿಗೆ ಓಡಿಬಂದು ಹೇಳಬೇಕು. ನಿಯಮಕ್ಕೆ ವಿರುದ್ಧವೆಂದು ಇಬ್ಬರಿಗೂ ಗೊತ್ತಿತ್ತು.

ಸಂಜೆ ಕಣದಲ್ಲಿ ಆಳುಗಳ ಹೆಸರಿನ ಮುಂದೆ ಕುಯ್ದ ಹಣ್ಣಿನ ತೂಕ ಬರೆಯುವವನು ನಾನು. ಕೈ ತಾನಾಗಿಯೇ ಹಾಳೆಯ ಮೇಲೆ ಗೆರೆ ಎಳೆದು ಮನೆ ಮಾಡಿತು. ನಾಲ್ಕನೇ ಹಾಸಿಗೆಯ ಅಜ್ಜಿ ಪ್ರತಿ ಸಲವೂ ಬೆರಳು ಕೊಡುವ ಮೊದಲು ಸೆರಗಿಗೆ ಒರೆಸಿಕೊಳ್ಳುತ್ತಿದ್ದರು.

ರಾತ್ರಿ ಎರಡರ ಸುಮಾರಿಗೆ ಅಪ್ಪ ಕಣ್ಣು ಬಿಟ್ಟರು. ನಾನು ಬರೆಯುತ್ತಿರುವುದನ್ನು ನೋಡಿ, ಮನೆಯಲ್ಲೇ ಇದ್ದೇನೆಂದುಕೊಂಡಿರಬೇಕು, "ಎಷ್ಟು ಕೆ.ಜಿ. ಆಯಿತೋ?" ಎಂದರು.

"94, ಅಪ್ಪ."

"ಅಷ್ಟೇ ಏನು? ಆಳುಗಳು ಬರಲಿಲ್ಲವೇ?"

"ಅರ್ಧದಷ್ಟೂ ಬಂದಿಲ್ಲ" ಎಂದೆ.