ಸೋತವನು ಯಾರು?

ಕಳೆದ ಭಾನುವಾರ ತುಮಕೂರಿನ ಹಳೆಯ ಪೇಟೆಯ ಗರಡಿ ಮನೆಯಲ್ಲಿ ನನ್ನ ಅಕ್ಕನ ಮಗ ಮೊಬೈಲಿನಲ್ಲಿ ಪ್ಯಾರಿಸ್ ಒಲಿಂಪಿಕ್ಸ್‌ನ ಫೈನಲ್ ಕುಸ್ತಿಯೊಂದನ್ನು ವಸ್ತಾದರಿಗೆ ತೋರಿಸುತ್ತಿದ್ದ. ಗ್ರೀಕೋ-ರೋಮನ್ ವಿಭಾಗದಲ್ಲಿ ಜಿಲ್ಲೆಯಿಂದ ರಾಜ್ಯಮಟ್ಟಕ್ಕೆ ಆಯ್ಕೆಯಾದ ಹುರುಪು ಅವನಲ್ಲಿ ಇನ್ನೂ ಇಳಿದಿರಲಿಲ್ಲ. ಕ್ಯೂಬಾದ ಮಿಜೈನ್ ಲೋಪೆಸ್ ಗೆದ್ದು, ಇನ್ನು ಕುಸ್ತಿ ಸಾಕೆಂಬ ಗುರುತಾಗಿ ಬೂಟು ಕಳಚಿ ಮ್ಯಾಟಿನ ನಡುವೆ ಬಿಟ್ಟು ಎದ್ದು ಬಂದದ್ದನ್ನು ಅವನು ಎರಡೆರಡು ಸಲ ಹಾಕಿ ತೋರಿಸಿದ. ವಸ್ತಾದರು ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ಮೂಗಿನ ಹತ್ತಿರ ಹಿಡಿದು ನೋಡಿ, ‘ಅದ್ಸರಿ ಕಣಪ್ಪ, ಸೋತೋನು ಯಾರು?’ ಎಂದರು. ‘ಯಾರೋ ಚಿಲಿ ದೇಶದೋನು ತಾತ’ ಎಂದು ಹುಡುಗ ಮೊಬೈಲನ್ನು ಜೇಬಿಗಿಳಿಸಿದ.

ಆ ಪ್ರಶ್ನೆ ಈ ವಾರವಿಡೀ ನನ್ನ ಬೆನ್ನು ಬಿಡಲಿಲ್ಲ.

ಲೋಪೆಸ್ ಸಾಧನೆಯನ್ನು ಕಡಿಮೆ ಮಾಡಿ ಹೇಳುವುದು ನನ್ನ ಉದ್ದೇಶವಲ್ಲ. 2004ರ ಅಥೆನ್ಸ್‌ನಲ್ಲಿ ಪದಕವಿಲ್ಲದೆ ಮರಳಿದ ಆತ 2008ರ ಬೀಜಿಂಗ್, 2012ರ ಲಂಡನ್, 2016ರ ರಿಯೊ, 2021ರಲ್ಲಿ ನಡೆದ ಟೋಕಿಯೊ, 2024ರ ಪ್ಯಾರಿಸ್ ಹೀಗೆ ಸತತ ಐದು ಚಿನ್ನ ಗೆದ್ದರು. ಒಂದೇ ವೈಯಕ್ತಿಕ ಸ್ಪರ್ಧೆಯಲ್ಲಿ ಅದುವರೆಗೆ ಯಾರೂ ಮಾಡದಿದ್ದ ಸಾಧನೆಯದು. ಮೂರು ಚಿನ್ನ ಗೆದ್ದು, ಹದಿಮೂರು ವರ್ಷ ಸೋಲೇ ಕಾಣದಿದ್ದ ರಷ್ಯಾದ ಅಲೆಕ್ಸಾಂಡರ್ ಕರೇಲಿನ್ ಕೂಡ 2000ದಲ್ಲಿ ಸಿಡ್ನಿಯ ಫೈನಲ್‌ನಲ್ಲಿ ಒಂದೇ ಒಂದು ಅಂಕದಿಂದ ಅಮೆರಿಕದ ರುಲಾನ್ ಗಾರ್ಡ್ನರ್‌ಗೆ ಸೋತಿದ್ದರು. ಲೋಪೆಸ್ ಮಾತ್ರ ಟೋಕಿಯೊದಲ್ಲಿ ಎದುರಾಳಿಗಳಿಗೆ ಒಂದು ಅಂಕವನ್ನೂ ಬಿಟ್ಟುಕೊಡದೆ ಗೆದ್ದು, ಆಮೇಲೆ ಮೂರು ವರ್ಷ ಸ್ಪರ್ಧೆಗಳಿಂದ ದೂರವಿದ್ದು, 42 ತುಂಬಲು ಎರಡು ವಾರವಿರುವಾಗ ಬಂದು ಫೈನಲ್ಲನ್ನು 6-0ರಿಂದ ಮುಗಿಸಿದರು. ಸೊಂಟದ ಕೆಳಗೆ ಕೈಹಾಕುವಂತಿಲ್ಲ, ಕಾಲು ಕೊಟ್ಟು ಕೆಡವುವಂತಿಲ್ಲ ಎಂಬ ಕಟ್ಟುಪಾಡಿನ ಈ ಗ್ರೀಕೋ-ರೋಮನ್ ಕುಸ್ತಿಯಲ್ಲಿ 130 ಕಿಲೋ ತೂಗುವ ಎದುರಾಳಿಯನ್ನು ಬರೀ ತೋಳು, ಎದೆ, ಬೆನ್ನಿನ ಬಲದಿಂದಲೇ ಎತ್ತಬೇಕು, ಹೊರಳಿಸಬೇಕು. ನಮ್ಮ ವಸ್ತಾದರಿಗೆ ಇದು ಕುಸ್ತಿ ಅಂತಲೇ ಅನ್ನಿಸುವುದಿಲ್ಲ. ಕಾಲು ಹಿಡಿಯದವನು ಪೈಲ್ವಾನನೇ ಅಲ್ಲ ಎಂಬುದು ಅವರ ವಾದ. 1952ರ ಹೆಲ್ಸಿಂಕಿಯ ಖಾಶಾಬಾ ಜಾಧವರಿಂದ ಹಿಡಿದು ಇಲ್ಲಿಯವರೆಗೆ ನಮಗೆ ಕುಸ್ತಿಯಲ್ಲಿ ಬಂದ ಒಲಿಂಪಿಕ್ ಪದಕಗಳೆಲ್ಲ ಕಾಲು ಹಿಡಿಯಬಹುದಾದ ಫ್ರೀಸ್ಟೈಲಿನವೇ ಆಗಿರುವುದರಿಂದ ಅವರ ಬಾಯಿ ಮುಚ್ಚಿಸುವುದು ಕಷ್ಟ.

ಹುಡುಗ ‘ಯಾರೋ’ ಎಂದು ತಳ್ಳಿಹಾಕಿದ ಆ ಚಿಲಿಯವನ ಹೆಸರು ಯಾಸ್ಮಾನಿ ಅಕೋಸ್ಟಾ. ಆತ ಹುಟ್ಟಿದ್ದು ಕ್ಯೂಬಾದಲ್ಲಿ. ಲೋಪೆಸ್‌ಗೆ ಅಭ್ಯಾಸದ ಜೋಡಿಯಾಗಿ ವರ್ಷಗಟ್ಟಲೆ ಅದೇ ಮ್ಯಾಟಿನ ಮೇಲೆ ಬಿದ್ದೆದ್ದವರು. ಒಲಿಂಪಿಕ್ಸ್‌ನಲ್ಲಿ ಒಂದು ತೂಕಕ್ಕೆ ಒಂದು ದೇಶದಿಂದ ಒಬ್ಬನಿಗಷ್ಟೇ ಅವಕಾಶ. ಬೇರೆ ತೂಕದವರಾದರೆ ಒಂದಿಷ್ಟು ಮೈ ಏರಿಸಿಯೋ ಇಳಿಸಿಯೋ ಪಕ್ಕದ ವಿಭಾಗಕ್ಕೆ ಹೋಗಬಹುದು. ಆದರೆ 130 ಕಿಲೋದ ಮೇಲೆ ವಿಭಾಗವೇ ಇಲ್ಲ, ಅದರ ಕೆಳಗಿನದು 97. ಅಷ್ಟು ದೊಡ್ಡ ಮೈಯವನು ಎಲ್ಲಿಗೆ ಹೋಗಬೇಕು? 2015ರಲ್ಲಿ ಸ್ಪರ್ಧೆಗೆಂದು ಚಿಲಿಗೆ ಹೋದ ಅಕೋಸ್ಟಾ ಮರಳಿ ಬರಲಿಲ್ಲ. ಹೊಟ್ಟೆಪಾಡಿಗೆ ಕಾವಲುಗಾರನ ಕೆಲಸ ಮಾಡಿಕೊಂಡು ಕುಸ್ತಿ ಮುಂದುವರಿಸಿದರು. ಕೊನೆಗೆ ಪ್ಯಾರಿಸ್‌ನ ಫೈನಲ್‌ನಲ್ಲಿ ಎದುರಿಗೆ ನಿಂತವರು ಮತ್ತೆ ಅದೇ ಲೋಪೆಸ್. ಸೋತು ಪಡೆದ ಆ ಬೆಳ್ಳಿಯೇ ಚಿಲಿಗೆ ಕುಸ್ತಿಯಲ್ಲಿ ಬಂದ ಮೊದಲ ಒಲಿಂಪಿಕ್ ಪದಕ. ಹೀಗೆ ದೇಶ ಬಿಟ್ಟವರನ್ನು ದ್ರೋಹಿ ಎನ್ನುವ ಜನ ಎಲ್ಲ ಕಡೆಯೂ ಇರುತ್ತಾರೆ. ಅವರ ಪೈಕಿ ಎಷ್ಟು ಮಂದಿ ಒಬ್ಬ ಚಾಂಪಿಯನ್ನನ ಕೈಕೆಳಗೆ ದಿನವೂ ಚಿತ್ತಾಗುವ ಕೆಲಸಕ್ಕೆ ಒಪ್ಪುತ್ತಿದ್ದರೋ ನಾನು ಕಾಣೆ.

ಇಷ್ಟೆಲ್ಲ ನನ್ನನ್ನು ಕಾಡಲು ಕಾರಣ ನಮ್ಮ ಗರಡಿಯಲ್ಲೇ ಇದೆ. ಅಕ್ಕನ ಮಗನಿಗೊಬ್ಬ ಜೋಡಿ ಇದ್ದಾನೆ. ಇಬ್ಬರದೂ 60 ಕಿಲೋ. ಜಿಲ್ಲಾ ಆಯ್ಕೆಯಲ್ಲಿ ನಮ್ಮವನು ಗೆದ್ದದ್ದು ಅವನನ್ನೇ ಕೆಡವಿ. ಅದಾದ ಮೇಲೆ ನಡೆದ ಸನ್ಮಾನದಲ್ಲಿ ಭಾವನವರು ಬೀದಿಗೆಲ್ಲ ಲಾಡು ಹಂಚಿದರು, ಪೇಟ ತೊಡಿಸಿ ಫೋಟೋ ತೆಗೆಸಿದರು. ಮಗನಿಗೆ ಆ ಪಟ್ಟುಗಳೆಲ್ಲ ಕೈಗೂಡಲು ದಿನವೂ ಮೈಯೊಡ್ಡಿದ ಹುಡುಗ ಕಿವಿಯ ಹಿಂದೆ ಇನ್ನೂ ಮಟ್ಟಿಯ ಮಣ್ಣು ಅಂಟಿಕೊಂಡಿದ್ದಂತೆಯೇ ಬಾಗಿಲ ಬಳಿ ನಿಂತಿದ್ದ; ಫೋಟೋ ತೆಗೆಯುವವರು ಅವನನ್ನು ಸ್ವಲ್ಪ ಪಕ್ಕಕ್ಕೆ ಸರಿಯಲು ಹೇಳಿದರು, ಅವನು ಸರಿದ. ಭಾವನವರು ಕೆಟ್ಟವರಲ್ಲ. ಆದರೆ ತಮ್ಮ ಮಗ ಗಾಳಿಯೊಂದಿಗೆ ಸೆಣಸಾಡಿ ಕುಸ್ತಿ ಕಲಿತನೆಂದು ಅವರು ನಂಬಿರುವಂತಿದೆ.

‘ಸೋತೋನು ಯಾರು?’ ಎಂದು ಕೇಳಿದಾಗ ವಸ್ತಾದರ ಕಣ್ಣು ಮೊಬೈಲಿನ ಮೇಲಿತ್ತೋ, ಮಟ್ಟಿಯಲ್ಲಿ ಒಬ್ಬನೇ ಬಸ್ಕಿ ಹೊಡೆಯುತ್ತಿದ್ದ ಆ ಹುಡುಗನ ಮೇಲಿತ್ತೋ ಹೇಳಲಾರೆ. ಹೊರಡುವ ಮುನ್ನ ಅವರು ಅವನನ್ನು ಕರೆದು, ‘ಅರವತ್ಮೂರಕ್ಕೆ ಏರ್ಕಳೋ, ಅಲ್ಲಿ ಜಾಗ ಐತೆ’ ಎಂದರು. ಮೂರು ಕಿಲೋ ಏರಬೇಕಾದರೆ ಹಾಲು, ಮೊಟ್ಟೆ, ಬಾದಾಮಿಗೆ ದಿನವೂ ದುಡ್ಡು ಬೇಕು. ಅವನ ಮನೆಯಲ್ಲಿ ಅದಿಲ್ಲ. ಭಾವನವರಿಗೆ ಈ ವಿಷಯ ಹೇಳಿದ್ದೇನೆ. ‘ನೋಡೋಣ’ ಎಂದಿದ್ದಾರೆ.