ಫ್ಲೋರಿಡಾದಿಂದ ಬಹಾಮಾಸ್‌ಗೆ ಬೋಟಲ್ಲಿ ಹೋಗೋರು ಗನ್ ತಗೊಂಡ್ ಹೋಗ್ಬೇಕಾ?

ಮಯಾಮಿಯಿಂದ ಬಹಾಮಾಸ್‌ನ ಬಿಮಿನಿ ದ್ವೀಪಕ್ಕೆ ಹಾಯಿದೋಣಿಲಿ ಹೋಗಿ ಅಲ್ಲಿಂದ ಎಕ್ಸೂಮಾಸ್ ದ್ವೀಪಗಳ ತನಕ ಸುತ್ತಾಡ್ಕೊಂಡು ಬಂದ್ವಿ ಅಂದ್ರೆ ಇಲ್ಲಿನ ನಮ್ಮ ಕನ್ನಡದವರು ಕೇಳೋದು ಮೂರೇ ಪ್ರಶ್ನೆ, ವಾಂತಿ ಆಯ್ತಾ, ಖರ್ಚೆಷ್ಟಾಯ್ತು, ಗನ್ ಇತ್ತಾ. ಮೊದಲನೇದಕ್ಕೆ ಆಯ್ತು, ಎರಡನೇದಕ್ಕೆ ಜಾಸ್ತಿನೇ ಆಯ್ತು. ಮೂರನೇದಕ್ಕೆ ಉತ್ರ ಉದ್ದ ಇದೆ, ಯಾಕಂದ್ರೆ ಇತ್ತು, ಆದ್ರೆ ಅದನ್ನ ಇಟ್ಕೊಂಡಿದ್ರಿಂದ ಆದ ಕೆಲಸ ಎಲ್ಲಾ ಪೇಪರ್ ಕೆಲಸನೇ. ನೀವೂ ಅದೇ ದಾರಿಲಿ ಹೋಗೋ ಪ್ಲ್ಯಾನ್ ಮಾಡ್ತಿದ್ರೆ ಹೊರಡೋ ಮುಂಚೆ ಒಂದು ಸಂಜೆ ಕೂತು ಇದನ್ನ ತೀರ್ಮಾನ ಮಾಡಿ, ಬಂದರಿಗೆ ಹೋಗಿ ಬೋಟಿಗೆ ಅಕ್ಕಿ ಬೇಳೆ ತುಂಬೋವಾಗ ಅಲ್ಲ.

ಬೋಟು ನಂದಲ್ಲ, ವಿರಾಜಪೇಟೆ ಕಡೆಯ ಒಬ್ಬ ಅಣ್ಣಂದು, ಸಿಟಿಜನ್ ಆಗಿ ವರ್ಷಗಳಾಯ್ತು. ಕೊಡಗಿನವರು ಅಂದ್ಮೇಲೆ ಕೋವಿ ಬಗ್ಗೆ ಹೇಳ್ಬೇಕಾ, ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿ ನಳಿಗೆಗೆ ತೋಕ್‌ಪೂ ಸಿಕ್ಕಿಸಿ ಪೂಜೆ ಮಾಡೋ ಮನೆಲಿ ಬೆಳ್ದೋರು. ಅವ್ರ ಬೋಟಲ್ಲಿರೋದು 12 ಗೇಜಿನ ಮಾಸ್‌ಬರ್ಗ್ ಮ್ಯಾರಿನರ್ ಪಂಪ್ ಶಾಟ್‌ಗನ್, ಹೊರಗೆಲ್ಲಾ ನಿಕಲ್ ಥರದ ಬೆಳ್ಳಿ ಬಣ್ಣದ ಕೋಟಿಂಗ್ ಇರುತ್ತಲ್ಲ ಅದು. ಮಾಮೂಲಿ ಕಪ್ಪು ಗನ್ ಉಪ್ಪು ಗಾಳಿಗೆ ಬೇಗ ತುಕ್ಕು ಹಿಡಿಯುತ್ತೆ, ಎಣ್ಣೆ ಹಚ್ಚಿ ಇಟ್ರೂ ಬೋಟೊಳಗಿನ ಪಸೆ ಬಿಡಲ್ಲ, ಅದಕ್ಕೇ ಬೋಟಲ್ಲಿ ಇಟ್ಕೊಳೋರು ಇದನ್ನೇ ತಗೊಳ್ತಾರೆ.

ಈಗ ನಮ್ಮ ಜನಕ್ಕೆ ಎಲ್ಲಕ್ಕಿಂತ ಮುಖ್ಯವಾದ ವಿಷ್ಯ, ಇಲ್ಲೇ ಜನ ಎಡವೋದು. ನೀವು ಎಚ್‌-1ಬಿ, ಎಫ್‌-1, ಬಿ-2 ಇಂಥ ವೀಸಾದಲ್ಲಿ ಇದ್ದೀರಿ ಅಂದ್ರೆ ಅಮೆರಿಕದ ಫೆಡರಲ್ ಕಾನೂನಿನ ಪ್ರಕಾರ ಗನ್ ಆಗ್ಲಿ ತೋಟಾ ಆಗ್ಲಿ ನಿಮ್ಮ ಸ್ವಾಧೀನದಲ್ಲಿ ಇರಂಗಿಲ್ಲ. ರಾಜ್ಯದ ಹಂಟಿಂಗ್ ಲೈಸೆನ್ಸ್ ಇದ್ದೋರಿಗೆ ವಿನಾಯ್ತಿ, ಇನ್ನೂ ಒಂದೆರಡು ವಿನಾಯ್ತಿ ಇವೆ, ಆದ್ರೆ ಗ್ರೀನ್ ಕಾರ್ಡಿಗೆ ಕಾಯ್ತಾ ಇರೋನು ಅದನ್ನ ನಂಬ್ಕೊಂಡು ಸಮುದ್ರಕ್ಕೆ ಇಳಿಯೋದು ಬೇಡ ಅಂತ ನನ್ನ ಅಭಿಪ್ರಾಯ. ಗ್ರೀನ್ ಕಾರ್ಡ್ ಇದ್ರೆ, ಸಿಟಿಜನ್ ಆಗಿದ್ರೆ ಈ ತಡೆ ಇಲ್ಲ. ಇನ್ನು ಸ್ವಾಧೀನ ಅಂದ್ರೆ ಕೈಲಿ ಹಿಡ್ಕೊಳೋದೇ ಆಗ್ಬೇಕಿಲ್ಲ, ಬೀಗದ ಕೈ ನಿಮ್ಮ ಹತ್ರ ಇದ್ರೆ, ಲಾಕರ್ ನಂಬರ್ ನಿಮಗೆ ಗೊತ್ತಿದ್ರೆ, ಅದನ್ನೂ ಸ್ವಾಧೀನ ಅಂತ ವಾದ ಮಾಡ್ಬೋದು. ನಮ್ಮಲ್ಲಿ ಅಣ್ಣನ್ನ ಬಿಟ್ಟು ಉಳಿದೋರೆಲ್ಲ ವೀಸಾದೋರೇ, ಹಾಗಾಗಿ ಕೀ ಅಣ್ಣನ ಕುತ್ತಿಗೆಲೇ ಇತ್ತು, ನಂಬರ್ ಯಾರಿಗೂ ಹೇಳಿಲ್ಲ, ಗನ್ ಹಿಡ್ಕೊಂಡು ಫೋಟೋ ತೆಗೆಸ್ಕೊಳೋ ಆಸೆನೂ ಯಾರೂ ಪಡ್ಲಿಲ್ಲ. ಇನ್‌ಸ್ಟಾಗ್ರಾಮ್‌ಗೆ ಚೆನ್ನಾಗಿರುತ್ತೆ, ಮುಂದೆ ಇಮಿಗ್ರೇಷನ್ ಫೈಲಿಗೆ ಚೆನ್ನಾಗಿರಲ್ಲ.

ಇದರ ಅರ್ಥ ಇನ್ನೊಂದಿದೆ ನೋಡಿ, ರಾತ್ರಿ ಒಬ್ಬೊಬ್ರೇ ಸರದಿಲಿ ಎದ್ದಿರ್ತೀವಿ, ಆ ಹೊತ್ತಲ್ಲಿ ಅಣ್ಣ ಮಲಗಿದ್ರೆ ಆ ಕೋವಿ ಬೋಟಲ್ಲಿ ಇದ್ದೂ ಇಲ್ಲದಂಗೆ. ರಕ್ಷಣೆಗೆ ಅಂತ ತಗೊಂಡ್ ಹೋಗೋರು ಈ ಲೆಕ್ಕ ಮೊದ್ಲೇ ಹಾಕ್ಬೇಕು.

ಹೊರಡೋ ಮುಂಚೆ ಅಮೆರಿಕದ ಕಡೆ ಆಗ್ಬೇಕಾದ್ದು. ಸಿಬಿಪಿ ಅಂದ್ರೆ ಇಲ್ಲಿನ ಕಸ್ಟಮ್ಸ್ ಆಫೀಸಿಗೆ ಹೋಗಿ ಫಾರ್ಮ್ 4457 ಮಾಡಿಸ್ಕೊಳಿ, ಗನ್ನಿನ ಸೀರಿಯಲ್ ನಂಬರ್ ಅದರಲ್ಲಿ ಬರ್ದು ಆಫೀಸರ್ ಕಣ್ಣಾರೆ ನೋಡಿ ಸಹಿ ಹಾಕ್ತಾರೆ, ವಾಪಸ್ ಬರುವಾಗ ಇದು ಹೊರದೇಶದಲ್ಲಿ ಕೊಂಡಿದ್ದಲ್ಲ ಅನ್ನೋದಕ್ಕೆ ಅದೇ ಸಾಕ್ಷಿ. ಮೊದ್ಲು ಫೋನ್ ಮಾಡಿ ಹೇಳಿ, ಖಾಲಿ ಮಾಡಿ ಕೇಸಲ್ಲಿಟ್ಟು ತಗೊಂಡ್ ಹೋಗಿ, ಫೆಡರಲ್ ಕಟ್ಟಡದೊಳಗೆ ಹೇಳ್ದೆ ಕೇಳ್ದೆ ಕೋವಿ ಹಿಡ್ಕೊಂಡು ನುಗ್ಗೋಕಾಗಲ್ಲ. ಸ್ವಂತ ಬಳಕೆಗೆ ತಾತ್ಕಾಲಿಕವಾಗಿ ಹೊರಗೆ ಒಯ್ಯೋದಕ್ಕೂ ಎಕ್ಸ್‌ಪೋರ್ಟ್ ನಿಯಮ ಇದೆ, ಸಿಟಿಜನ್ ಮತ್ತು ಗ್ರೀನ್ ಕಾರ್ಡಿನವರಿಗೆ ಬೇರೆ ಲೈಸೆನ್ಸ್ ಇಲ್ದೆ ಒಯ್ಯೋಕೆ ಅವಕಾಶ ಇದೆ, ಪಿಸ್ತೂಲು ರೈಫಲ್ ಆದ್ರೆ ಮೂರು, ಗುಂಡು 1,000, ಇದು ಮಿತಿ. ಅಷ್ಟೊಂದು ಯಾಕೆ ಬೇಕು ಅಂತ ಕೇಳ್ಬೇಡಿ, ನಂಗೂ ಅರ್ಥ ಆಗಿಲ್ಲ.

ಹೊರಡೋ ಹಿಂದಿನ ಸಂಜೆ ಕೀ ಬಿಸ್ಕೇನ್‌ನ ನೋ ನೇಮ್ ಹಾರ್ಬರಲ್ಲಿ ಲಂಗರು ಹಾಕಿದ್ವಿ. ಅಲ್ಲಿ ಅಣ್ಣ ಮೇಜಿನ ಮೇಲೆ ಒಂದು ಟವೆಲ್ ಹಾಸಿ ತೋಟಾ ಎಲ್ಲ ಸುರಿದು ಐದೈದು ಸಾಲು ಮಾಡಿ ಎಣಿಸಿದ್ರು, ಇಪ್ಪತ್ತೈದು. ಬರ್ಕೊಂಡ್ರು. ಆಮೇಲೆ ಬೋಟಲ್ಲಿರೋ ಅವ್ರ ಅಷ್ಟೂ ಬ್ಯಾಗು ಜಾಕೆಟ್ಟು ತಲೆಕೆಳಗು ಮಾಡಿ ಕೊಡವೋಕೆ ಶುರು ಮಾಡಿದ್ರು, ನಾವು ನಗ್ತಿದ್ವಿ, ಅಷ್ಟರಲ್ಲಿ ಹಳೇ ಮಳೆ ಕೋಟಿನ ಜೇಬಿಂದ ಟಣ್ ಅಂತ ಒಂದು ಕೆಂಪು ತೋಟಾ ನೆಲಕ್ಕೆ ಬಿತ್ತು. "ನೋಡು ಮಾರಾಯ, ಇದೊಂದು ಸಾಕು" ಅಂದು ಪಟ್ಟೀಲಿ ಇಪ್ಪತ್ತೈದು ಹೊಡೆದು ಇಪ್ಪತ್ತಾರು ಮಾಡಿದ್ರು. ಯಾಕೆ ಅಷ್ಟು ಭಯ ಅಂದ್ರೆ, 2024ರಲ್ಲಿ ಪಕ್ಕದ ಟರ್ಕ್ಸ್ ಆಂಡ್ ಕೈಕೋಸ್‌ನಲ್ಲಿ ಲಗೇಜಲ್ಲಿ ಉಳಿದುಹೋದ ಬಿಡಿ ಗುಂಡುಗಳಿಗೆ ಹಲವು ಅಮೆರಿಕನ್ ಪ್ರವಾಸಿಗರು ಸಿಕ್ಕಿಬಿದ್ದಿದ್ರು, ಅಲ್ಲಿ ಆಗ ಕನಿಷ್ಠ ಶಿಕ್ಷೆನೇ 12 ವರ್ಷ ಇತ್ತು, ಗಲಾಟೆ ಆದ್ಮೇಲೆ ಜಡ್ಜಿಗೆ ಕಮ್ಮಿ ಮಾಡೋ ಅಧಿಕಾರ ಕೊಟ್ಟು ಕಾನೂನು ತಿದ್ದಿದ್ರು. ಗನ್ ಇಲ್ದೆ ಬರೀ ಗುಂಡಿಗೇ ಈ ಪಾಡು.

ದಾಟೋ ವಿಷ್ಯ ಬೇಗ ಹೇಳ್ಬಿಡ್ತೀನಿ. ಮಯಾಮಿಯಿಂದ ಬಿಮಿನಿ ಸುಮಾರು 50 ನಾಟಿಕಲ್ ಮೈಲಿ, ಮಧ್ಯೆ ಗಲ್ಫ್ ಸ್ಟ್ರೀಮ್ ಅನ್ನೋ ಸಮುದ್ರದ ಪ್ರವಾಹ ಉತ್ತರಕ್ಕೆ ಜೋರಾಗಿ ಹರಿಯುತ್ತೆ, ಉತ್ತರದ ಗಾಳಿ ಎದುರು ಬಂದ್ರೆ ಅಲೆ ಗೋಡೆ ಥರ ಏಳುತ್ತೆ, ಹಾಗಾಗಿ ಗಾಳಿ ದಿಕ್ಕಲ್ಲಿ ಉತ್ತರ ಅನ್ನೋದು ಸ್ವಲ್ಪ ಇದ್ರೂ ಹೋಗ್ಬೇಡಿ. ನಡುರಾತ್ರಿ ಕಳೆದ್ಮೇಲೆ ಹೊರಟ್ರೆ ಬಿಸಿಲು ನೆತ್ತಿ ಮೇಲಿರೋವಾಗ ಬಿಮಿನಿ ತಲುಪ್ತೀರಿ, ಆಗ ಮರಳು ದಿಬ್ಬ ಎಲ್ಲಿದೆ ಅಂತ ನೀರಿನ ಬಣ್ಣದಲ್ಲೇ ಕಾಣುತ್ತೆ. ಶುಂಠಿ ಪೆಪ್ಪರ್‌ಮೆಂಟು ನಂಬ್ಕೊಂಡು ಕೂರ್ಬೇಡಿ, ವಾಂತಿಗೆ ಮಾತ್ರೆ ತಗೊಳಿ.

ಬಿಮಿನಿಲಿ ಹಳದಿ ಬಾವುಟ ಏರಿಸಿ ಎಲ್ರೂ ಬೋಟಲ್ಲೇ ಕೂತಿರ್ಬೇಕು, ಕ್ಯಾಪ್ಟನ್ ಒಬ್ಬರೇ ಎಲ್ರ ಪಾಸ್‌ಪೋರ್ಟ್ ತಗೊಂಡು ಕಸ್ಟಮ್ಸ್ ಇಮಿಗ್ರೇಷನ್‌ಗೆ ಹೋಗೋದು. ಕ್ರೂಸಿಂಗ್ ಪರ್ಮಿಟ್, ಅಂದ್ರೆ ಅಲ್ಲಿನ ನೀರಲ್ಲಿ ಬೋಟ್ ಓಡಿಸೋ ಅನುಮತಿ, ಅದರ ಅರ್ಜಿ ಕ್ಲಿಕ್‌2ಕ್ಲಿಯರ್ ಅನ್ನೋ ಆನ್‌ಲೈನ್ ಪೋರ್ಟಲಲ್ಲಿ ಮೊದ್ಲೇ ತುಂಬಿ. ನಮ್ಮ ಇಂಡಿಯನ್ ಪಾಸ್‌ಪೋರ್ಟಿನವರು ಬಹಾಮಾಸ್ ವೀಸಾ ಬೇಕಾ ಬೇಡ್ವಾ, ವಾಪಸ್ ಬರೋಕೆ ಅಮೆರಿಕದ ಸ್ಟ್ಯಾಂಪ್ ಚಾಲ್ತಿಲಿ ಇದೆಯಾ, ಎರಡೂ ನೋಡ್ಕೊಂಡೇ ಹೊರಡಿ. ಗನ್ ಇದ್ರೆ ಮೇಕು, ಮಾಡೆಲ್ಲು, ಸೀರಿಯಲ್ ನಂಬರು, ತೋಟಾ ಎಷ್ಟು ಅನ್ನೋ ಸರಿಯಾದ ಲೆಕ್ಕ ಅಲ್ಲೇ ಡಿಕ್ಲೇರ್ ಮಾಡ್ಬೇಕು. "ಸುಮಾರು ಇಪ್ಪತ್ತೈದು" ಅನ್ನೋದು ನಡೆಯಲ್ಲ. ನಮ್ಮೂರಲ್ಲಿ ಎಲೆಕ್ಷನ್ ಬಂದ್ರೆ ಕೋವಿ ಇದ್ದೋರೆಲ್ಲ ಠಾಣೆಗೆ ಒಯ್ದು ಡೆಪಾಸಿಟ್ ಮಾಡಿ ರಸೀದಿ ತಗೊಳ್ತಾರಲ್ಲ, ಹೆಚ್ಚುಕಮ್ಮಿ ಅದೇ ಧಾಟಿ, ಆದ್ರೆ ಇಲ್ಲಿ ಕೋವಿ ಬೋಟಲ್ಲೇ ಬಿಡ್ತಾರೆ. ಬಿಟ್ರೂ ಬೀಗ ಹಾಕಿ ಇಡ್ಬೇಕು, ದಡಕ್ಕೆ ಇಳಿಸಂಗಿಲ್ಲ, ದೇಶ ಬಿಡೋವಾಗ ಲೆಕ್ಕ ಅಷ್ಟೇ ಇರ್ಬೇಕು. ಅಂದ್ರೆ ಬಿಯರ್ ಕ್ಯಾನ್ ತೇಲಿಬಿಟ್ಟು ಗುರಿ ನೋಡೋಣ ಅಂದ್ಕೊಂಡಿದ್ರೆ ಮರೆತುಬಿಡಿ. ಡಿಕ್ಲೇರ್ ಮಾಡ್ದೆ ಸಿಕ್ಕಿಬಿದ್ರೆ ದಂಡ, ಜೈಲು ಎರಡೂ ಇದೆ. ಆ ಪೇಪರ್ ಪ್ಲಾಸ್ಟಿಕ್ ಕವರಲ್ಲಿಟ್ಟು ಕೈಗೆ ಸಿಗೋ ಜಾಗದಲ್ಲಿಡಿ, ರಾಯಲ್ ಬಹಾಮಾಸ್ ಡಿಫೆನ್ಸ್ ಫೋರ್ಸ್‌ನವರು ಮಧ್ಯ ಸಮುದ್ರದಲ್ಲೂ ಬೋಟ್ ಹತ್ತಿ ನೋಡ್ತಾರೆ. ಅಂದಹಾಗೆ ಮೀನು ಹೊಡೆಯೋ ಟ್ರಿಗರ್ ಇರೋ ಸ್ಪಿಯರ್ ಗನ್ ಅಲ್ಲಿ ನಿಷೇಧ, ರಬ್ಬರ್ ಎಳೆದು ಈಟಿ ಬಿಡೋ ಹವಾಯಿಯನ್ ಸ್ಲಿಂಗ್ ಥರದ್ದಕ್ಕೆ ಮಾತ್ರ ಅವಕಾಶ, ಶಾಟ್‌ಗನ್ ಡಿಕ್ಲೇರ್ ಮಾಡಿ ಇದನ್ನ ಮರೆಯೋರು ಇದ್ದಾರೆ.

ಈಗ ನಿಜವಾಗ್ಲೂ ಬೇಕಾ ಅನ್ನೋ ಪ್ರಶ್ನೆ. ಒಂದು ರಾತ್ರಿ ಎಕ್ಸೂಮಾಸ್‌ನಲ್ಲಿ ಲಂಗರು ಹಾಕಿ ಮಲಗಿದ್ವಿ, ಲೈಟ್ ಇಲ್ಲದ ಒಂದು ಮೀನುಗಾರಿಕೆ ದೋಣಿ ನಮ್ಮ ಹಿಂಭಾಗಕ್ಕೆ ಬಂತು. ಸರದಿಲಿ ಇದ್ದೋನು ನಾನು. ಸ್ಪಾಟ್‌ಲೈಟ್ ಹಾಕ್ದೆ, ಹಾರ್ನ್ ಒತ್ತಿದೆ, ಇಬ್ಬರು ಕೈ ಅಡ್ಡ ಹಿಡ್ಕೊಂಡು ಕೂಗಿದ್ರು, ಇಂಜಿನ್ ಕೆಟ್ಟಿದೆ, ರೇಡಿಯೋ ಸತ್ತಿದೆ, ಮನೆಯವರಿಗೆ ತಿಳಿಸ್ಬೇಕು ಅಂತ. ಹಾರ್ನಿಗೆ ಎದ್ದ ಅಣ್ಣ ವಿಎಚ್‌ಎಫ್ ರೇಡಿಯೋದ 16ನೇ ಚಾನೆಲ್ಲಲ್ಲಿ, ಅಂದ್ರೆ ತುರ್ತು ಕರೆ ಚಾನೆಲ್ಲಲ್ಲಿ, ಹೇಳಿ ಯಾರನ್ನೋ ಕರೆಸಿದ್ರು. ಅಷ್ಟೂ ಹೊತ್ತು ಕೋವಿ ಎರಡು ಬೀಗದೊಳಗೆ ಇತ್ತು. ಬಂದೋರು ಕಳ್ಳರೇ ಆಗಿದ್ರೂ ಅಲ್ಲೇ ಇರ್ತಿತ್ತು, ಅಣ್ಣ ಕಣ್ಣುಜ್ಜಿಕೊಂಡು ಕನ್ನಡಕ ಹುಡುಕೋ ಹೊತ್ತಿಗೆ ಅವ್ರು ಹತ್ತಾಗಿರ್ತಿತ್ತು.

ಗನ್ ಇದ್ರೆ ಧೈರ್ಯ ಅನ್ನೋರು ಪೀಟರ್ ಬ್ಲೇಕ್ ಕಥೆ ಒಂದ್ಸಲ ಯೋಚಿಸಿ. ನ್ಯೂಜಿಲೆಂಡಿನ ಅಷ್ಟು ದೊಡ್ಡ ನಾವಿಕ, ಅಮೆರಿಕಾಸ್ ಕಪ್ ಅನ್ನೋ ದೊಡ್ಡ ಹಾಯಿದೋಣಿ ರೇಸ್ ಗೆಲ್ಲಿಸಿದೋರು, 2001ರ ಡಿಸೆಂಬರಲ್ಲಿ ಅಮೆಜಾನ್ ನದಿ ಮುಖದ ಮಕಾಪಾ ಹತ್ರ ದರೋಡೆಕೋರರು ಬೋಟ್ ಹತ್ತಿದಾಗ ರೈಫಲ್ ತಗೊಂಡು ಎದುರು ನಿಂತ್ರು, ಗನ್ ಜಾಮ್ ಆಯ್ತು, ಅವ್ರೇ ಗುಂಡೇಟಿಗೆ ಸತ್ರು. ಬೇಡ ಅಂತ ಇದೊಂದ್ರಿಂದ ಹೇಳೋಕಾಗಲ್ಲ, ಆದ್ರೆ ಬಹಾಮಾಸ್‌ನಲ್ಲಿ ಬೋಟಿನವರು ಹೆಚ್ಚಾಗಿ ಕಳ್ಕೊಳೋದು ಡಿಂಗಿ, ಅಂದ್ರೆ ದಡಕ್ಕೆ ಹೋಗಿಬರೋ ಪುಟ್ಟ ದೋಣಿ, ಮತ್ತು ಅದರ ಔಟ್‌ಬೋರ್ಡ್ ಮೋಟಾರು. ಅದಕ್ಕೆ ಬೇಕಿರೋದು ದಪ್ಪ ಸ್ಟೀಲ್ ಕೇಬಲ್ಲು, ಒಳ್ಳೇ ಬೀಗ, ರಾತ್ರಿ ಡಿಂಗಿನ ನೀರಿಂದ ಮೇಲಕ್ಕೆ ಎತ್ತಿ ಕಟ್ಟೋದು, ಒಳಗಿಂದ ಹಾಕ್ಕೊಳೋ ಚಿಲಕ. ಕೆರಿಬಿಯನ್ ಸೇಫ್ಟಿ ಆಂಡ್ ಸೆಕ್ಯೂರಿಟಿ ನೆಟ್ ಅಂತ ಇದೆ, ಯಾವ ಲಂಗರು ಜಾಗದಲ್ಲಿ ಏನು ಕಳುವಾಯ್ತು ಅಂತ ಬೋಟಿನವರೇ ಕೊಡೋ ವರದಿ ಅಲ್ಲಿರುತ್ತೆ, ದಿನಾ ನೋಡ್ತಿದ್ವಿ. ಕೆಲವ್ರು ಅಪಾಯದ ಸಂಕೇತಕ್ಕೆ ಉರಿಯೋ ಬೆಳಕು (ಫ್ಲೇರ್) ಹಾರಿಸೋ ಫ್ಲೇರ್ ಗನ್ನೇ ಆಯುಧ ಅಂತಾರೆ, ಫೈಬರ್ ಬೋಟು, ಕೆಳಗೆ ಪೆಟ್ರೋಲ್ ಕ್ಯಾನು, ಅಲ್ಲಿ ಬೆಂಕಿ ಹಾರಿಸಿದ್ರೆ ಕಳ್ಳನಿಗಿಂತ ಮುಂಚೆ ನೀವೇ ನೀರಿಗೆ ಹಾರ್ಬೇಕಾಗುತ್ತೆ. ಅದು ಸಹಾಯ ಕರೆಯೋಕೆ ಇಟ್ಕೊಳಿ, ತಯಾರಾದ ದಿನದಿಂದ 42 ತಿಂಗಳಿಗೆ ಫ್ಲೇರ್ ಅವಧಿ ಮುಗಿಯುತ್ತೆ, ಡೇಟ್ ನೋಡಿ.

ಬಹಾಮಾಸ್ ಬಿಟ್ಟು ಮುಂದೆ ಹೋಗೋ ಆಸೆ ಇದ್ರೆ ಮಾತ್ರ ಕೋವಿ ಮನೆಲೇ ಬಿಡಿ ಅಂತ ಖಂಡಿತವಾಗಿ ಹೇಳ್ತೀನಿ. ಒಂದೊಂದು ದ್ವೀಪಕ್ಕೆ ಒಂದೊಂದು ಕಾನೂನು. ಬರ್ಮುಡಾದಲ್ಲಿ ಫ್ಲೇರ್ ಗನ್ ಕೂಡ ಡಿಕ್ಲೇರ್ ಮಾಡೋ ಪಟ್ಟೀಲಿ ಬರುತ್ತೆ. ಕೆಲವು ಕಡೆ ನಿಮ್ಮ ಗನ್ ಕಸ್ಟಮ್ಸ್‌ನವರು ಎತ್ತಿಟ್ಕೊಂಡು ಹೊರಡೋವಾಗ ಕೊಡ್ತಾರೆ, ಅಂದ್ರೆ ಬಂದ ಬಂದರಿಗೇ ವಾಪಸ್ ಹೋಗಿ ಹೊರಡ್ಬೇಕು, ಗಾಳಿ ಹೇಳಿದ ಕಡೆ ಹೋಗೋ ಹಾಯಿದೋಣಿಗೆ ಇದು ದೊಡ್ಡ ತಲೆನೋವು. ಮೆಕ್ಸಿಕೋದ ಇಸ್ಲಾ ಮುಹೇರೆಸ್‌ಗೆ ಫ್ಲೋರಿಡಾದಿಂದ ತುಂಬಾ ಜನ ಹೋಗ್ತಾರೆ, ಅಲ್ಲಿ ಪರ್ಮಿಟ್ ಇಲ್ದೆ ಒಂದು ಗುಂಡು ಸಿಕ್ರೂ ಜೈಲಾಗ್ಬೋದು.

ವಾಪಸ್ ಬರುವಾಗ ಸಿಬಿಪಿ ರೋಮ್ ಆ್ಯಪಲ್ಲಿ ಬಂದಿದ್ದನ್ನ ವರದಿ ಮಾಡ್ಬೇಕು, ವೀಸಾದೋರು ಇದ್ರೆ ಆಫೀಸಿಗೆ ಬನ್ನಿ ಅಂತ ಕರೀಬೋದು, ಅದಕ್ಕೊಂದು ಅರ್ಧ ದಿನ ರಜೆ ಜಾಸ್ತಿ ಹಾಕಿಡಿ. ಗನ್ ಇದೆ ಅಂತ ಕೇಳೋ ಮುಂಚೆ ಹೇಳಿ, 4457 ತೋರಿಸಿ. ಅಣ್ಣ ಆಮೇಲೆ ಆ ಶಾಟ್‌ಗನ್ನ ಬೋಟಿಂದ ಇಳಿಸಿ ಮನೆ ಲಾಕರಿಗೆ ಹಾಕಿದ್ದಾರೆ. ಆ ಜಾಗದಲ್ಲಿ ಈಗ ಎರಡನೇ ಆ್ಯಂಕರಿನ ಹಗ್ಗ ಇದೆ, ಮುಂದಿನ ಸಲಕ್ಕೆ ಚೈನ್ ಕೂಡ ಬದಲಾಯಿಸ್ಬೇಕಂತೆ, ಅದರ ದುಡ್ಡಲ್ಲಿ ನಮ್ಮ ಪಾಲು ಎಷ್ಟು ಅಂತ ವಾಟ್ಸಾಪಲ್ಲಿ ಚರ್ಚೆ ನಡೀತಿದೆ.